ಆನೆಗೆ ‘ಇನ್ನೊಂದು ಸಲ’ ಅನ್ನೋಕಾಗುತ್ತಾ?

ಸಿನಿಮಾದವರಿಗೆ ಒಂದು ಅನುಕೂಲ ಉಂಟು. ನಟ ಮಾತು ತಪ್ಪಿದರೆ ‘ಕಟ್’ ಅಂತಾರೆ, ಇನ್ನೊಂದು ಸಲ ಮಾಡಿಸ್ತಾರೆ. ಎತ್ತಿನ ಗಾಡಿ ಓಟವನ್ನೋ ಕಂಬಳವನ್ನೋ ಚಿತ್ರ ತೆಗೆಯುವವನಿಗೆ ಆ ಭಾಗ್ಯವಿಲ್ಲ. ಎತ್ತು ಓಡಿತು ಅಂದರೆ ಓಡಿತು, ಅಷ್ಟೆ. ಅಮೆರಿಕದಲ್ಲಿ ರೋಡಿಯೊ ಎಂಬ ಆಟವಿದೆ. ಎಗರಾಡುವ ಗೂಳಿಯ ಬೆನ್ನ ಮೇಲೆ ಸವಾರ ಎಂಟು ಸೆಕೆಂಡು ಬೀಳದೆ ಕುಳಿತರೆ ಮಾತ್ರ ಅಂಕ. ಆ ಎಂಟು ಸೆಕೆಂಡಿನಲ್ಲಿ ಕ್ಯಾಮೆರಾದವನು ಆಕಳಿಸಿದರೆ ಟಿ.ವಿ.ಯವರಿಗೆ ಕೊಡಲು ಅವನ ಬಳಿ ಏನೂ ಉಳಿಯುವುದಿಲ್ಲ.

ಇಂಥ ಚಿತ್ರೀಕರಣ ನಮ್ಮ ಸೀಮೆಗೆ ಹೊಸದಲ್ಲ, ಮಕ್ಕಳೇ. ಸರಗೂರಿನಿಂದ ಕಪಿಲಾ ಹೊಳೆಯ ಗುಂಟ ಮೇಲಕ್ಕೆ ಹೋದರೆ ಬೀಚನಹಳ್ಳಿ ಅಣೆಕಟ್ಟು ಸಿಗುತ್ತದೆ. ಅದರ ಹಿನ್ನೀರಿನ ಅಡಿಯಲ್ಲಿ ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ಜಾಗ ಮುಳುಗಿದೆ. ಖೆಡ್ಡಾ ಅಂದರೆ ಕಾಡಾನೆಗಳ ಹಿಂಡನ್ನೇ ಸುತ್ತುವರಿದು ಹಿಡಿಯುವುದು. ಮೈಸೂರು ಸಂಸ್ಥಾನದಲ್ಲಿ ಇದನ್ನು 1870ರ ದಶಕದಲ್ಲಿ ಶುರು ಮಾಡಿದವನು ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ. ತಮಟೆ, ಬೆಂಕಿ, ಕೂಗು ಇವುಗಳಿಂದ ಹಿಂಡನ್ನು ಹೊಳೆಗೆ ಇಳಿಸಿ, ಆಚೆ ದಡದ ಮರದ ದಿಮ್ಮಿಗಳ ಕೋಟೆಯೊಳಕ್ಕೆ ಅಟ್ಟಿ, ಬಾಗಿಲು ಬೀಳಿಸುತ್ತಿದ್ದರು. ಆಮೇಲೆ ಸಾಕಾನೆಗಳ ಮೇಲೆ ಮಾವುತರು ಒಳಹೊಕ್ಕು, ಒಂದೊಂದನ್ನೇ ಹಗ್ಗಕ್ಕೆ ಕಟ್ಟುವರು. ಕಾಡಿನ ದಾರಿ ಬಲ್ಲ ಕುರುಬರಿಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಕೊನೆಯ ಖೆಡ್ಡಾ 1971ರ ಜನವರಿಯಲ್ಲಿ. ನಾನಾಗ ಮೈಸೂರಿನಲ್ಲಿ ಬಿ.ಕಾಂ. ಓದುತ್ತಿದ್ದೆ, ಅಪ್ಪನ ಜೊತೆ ನೋಡಲು ಹೋಗಿದ್ದೆ. ನನಗೆ ಆನೆಗಳಷ್ಟೇ ಚೆನ್ನಾಗಿ ನೆನಪಿರುವುದು ಕ್ಯಾಮೆರಾದವರು. ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ, ಸೊಪ್ಪು ಮುಚ್ಚಿಕೊಂಡು, ಬೆಳಗಿನಿಂದ ಒಂದೇ ಕಡೆ ಲೆನ್ಸು ತಿರುಗಿಸಿ ಕುಳಿತಿದ್ದರು. ಆನೆ ಬರುವುದು ಯಾವ ಕಡೆಯಿಂದ ಅಂತ ಅವರಿಗೆ ಹೇಳಿದವನು ಬರಿಗಾಲಿನ ಒಬ್ಬ ಮುದುಕ. ಅವನು ಕೈ ತೋರಿಸಿದಲ್ಲಿ ಅಟ್ಟಣೆ ಕಟ್ಟಿದ್ದರು. ಹಿಂಡು ಅಲ್ಲಿಂದಲೇ ನೀರಿಗಿಳಿಯಿತು. (ದಸರಾದಲ್ಲಿ ಅಂಬಾರಿ ಹೊತ್ತ ಅರ್ಜುನ 1968ರ ಖೆಡ್ಡಾದಲ್ಲಿ ಸಿಕ್ಕ ಆನೆ ಎಂದರೆ ಮಕ್ಕಳಿಗೆ ಹತ್ತಿರವಾದೀತು.) 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಖೆಡ್ಡಾ ನಿಂತಿತು. ಒಳ್ಳೆಯದೇ ಆಯಿತು. ಹಗ್ಗ ಉಜ್ಜಿ ಕಿತ್ತುಹೋದ ಆನೆಯ ಕಾಲು ನೋಡಿದವರು ಬೇರೆ ಹೇಳಲಾರರು.

ಅದಕ್ಕೂ ಮುಂಚೆ, 1935ರಲ್ಲಿ, ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದಿದ್ದ. ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ ಕಂಪನಿಗೆ, ಕಿಪ್ಲಿಂಗ್ ಬರೆದ ಆನೆಯ ಕಥೆಯನ್ನು ಚಿತ್ರ ಮಾಡಲು. ಆಗಿನ ಸಿನಿಮಾ ರೀಲಿನ ಲೆಕ್ಕ ಕೇಳಿ: ಒಂದು ಅಡಿ ಫಿಲ್ಮಿನಲ್ಲಿ ಹದಿನಾರು ಚಿತ್ರ, ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಅಂದರೆ ಸಾವಿರ ಅಡಿಯ ಸುರುಳಿ ಹನ್ನೊಂದೇ ನಿಮಿಷಕ್ಕೆ ಖಾಲಿ! ಆನೆ ಹೊಳೆಗಿಳಿಯುವ ಹೊತ್ತಿಗೆ ಸುರುಳಿ ಮುಗಿದಿದ್ದರೆ ಗೋವಿಂದ. ಫ್ಲಾಹರ್ಟಿಯೋ ಫಿಲ್ಮು ಸುರಿಯುವುದರಲ್ಲಿ ಹೆಸರಾದವನು, ಕಂಪನಿಯವರು ಖರ್ಚು ನೋಡಿ ತಲೆ ಚಚ್ಚಿಕೊಂಡರಂತೆ. ಕೊನೆಗೆ ಲಂಡನ್ನಿನ ಹತ್ತಿರದ ಸ್ಟುಡಿಯೊದಲ್ಲಿ ಜೋಲ್ಟಾನ್ ಕೋರ್ಡಾ ಇನ್ನಷ್ಟು ದೃಶ್ಯ ತೆಗೆದು ಸೇರಿಸಿದ. ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಗೆ ಬಂತು, ವೆನಿಸ್ ಉತ್ಸವದಲ್ಲಿ ನಿರ್ದೇಶನಕ್ಕೆ ಬಹುಮಾನವೂ ಬಂತು.

ಅದರ ನಾಯಕ ಸಾಬು, ನಮ್ಮ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ಹಾಲಿವುಡ್‌ವರೆಗೂ ಹೋದ. ಆದರೆ ನೋಡಿ, ಪುಸ್ತಕಗಳಲ್ಲಿ ಅವನ ಹೆಸರು ‘ಸಾಬು ದಸ್ತಗೀರ್’ ಎಂದಿದೆ. ದಸ್ತಗೀರ್ ಎಂಬುದು ಅವನ ಅಣ್ಣನ ಹೆಸರು ಎನ್ನುವವರಿದ್ದಾರೆ. ಜಗತ್ತೇ ನೋಡಿದ ಹುಡುಗನ ಹೆಸರಿಗೇ ಹೀಗಾದರೆ, ಹಿಂಡು ಅಟ್ಟಿದವರ, ಹಗ್ಗ ಹಾಕಿದವರ ಹೆಸರು ಯಾರು ಬರೆದಿಟ್ಟಾರು? ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಲೆಡ್ಜರ್ ಬರೆದವನಿಗೆ ಇದು ಹಲ್ಲಿನ ಸಂದಿಯ ಅಡಿಕೆಯ ಹಾಗೆ ಕಾಡುತ್ತದೆ.

ಅದಕ್ಕೇ ಕಳೆದ ಬೇಸಿಗೆಯಲ್ಲಿ ನಮ್ಮ ಪಕ್ಕದ ಹಳ್ಳಿಯ ಗಾಡಿ ಓಟವನ್ನು ಮೊಮ್ಮಗ ಫೋನಿನಲ್ಲಿ ಹಿಡಿದು ಚಾನೆಲ್ಲಿಗೆ ಕಳಿಸುತ್ತೇನೆ ಅಂದಾಗ, ಮೊದಲು ಒಂದು ಹಾಳೆ ಕೊಟ್ಟೆ. ತಾರೀಖು, ಊರು, ಗಾಡಿ ಹೊಡೆದವರು, ಎತ್ತುಗಳ ಹೆಸರು ಬರಿ ಅಂದೆ. ಗುರಿಯ ಗೆರೆಯ ಹತ್ತಿರ ನಿಲ್ಲಲು ಹೋದವನನ್ನು ಒಬ್ಬ ರೈತರು ತಡೆದರು. “ಅಲ್ಲಿ ಬೇಡ ಕಣಪ್ಪ, ಗೆರೆ ದಾಟಿದ್ ಮೇಲೇ ಎತ್ತು ದಾರಿ ಬಿಡೋದು” ಅಂದರು. ದಿಬ್ಬದ ಮೇಲೆ, ಹಗ್ಗದಾಚೆ ನಿಂತ. ಫೋನನ್ನು ಅಡ್ಡ ಹಿಡಿದ, ಟಿ.ವಿ. ಪರದೆ ಅಡ್ಡವಾಗಿರುವುದರಿಂದ. ಓಟಕ್ಕೆ ಹತ್ತು ಸೆಕೆಂಡು ಮುಂಚೆ ಶುರು ಮಾಡಿ, ಮುಗಿದ ಮೇಲೂ ಹತ್ತು ಸೆಕೆಂಡು ಬಿಟ್ಟ. ಸಿನಿಮಾ ಹಾಡು ಸೇರಿಸಲಿಲ್ಲ. ಹಾಡಿಗೆ ಹಕ್ಕುದಾರರಿರುತ್ತಾರೆ, ಗೆಜ್ಜೆ ಸದ್ದಿಗೆ ಯಾರ ಅಪ್ಪಣೆಯೂ ಬೇಡ. ವಾಟ್ಸ್‌ಆ್ಯಪಿನಲ್ಲಿ ಸುಮ್ಮನೆ ಕಳಿಸಿದರೆ ವಿಡಿಯೊ ಕುಗ್ಗಿ ಮಸುಕಾಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಬೇಕು ಎಂದು ನನಗೇ ಪಾಠ ಹೇಳಿದ.

ಮನೆಗೆ ಬಂದು ನೋಡಿದರೆ ಗೆದ್ದ ಗಾಡಿಯವನು, ನಮ್ಮ ಬೀದಿಯವನೇ, ನಡುವೆ ಎತ್ತಿನ ಬಾಲ ತಿರುಚಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು.

“ತಾತ, ಈ ನಾಲ್ಕು ಸೆಕೆಂಡು ಕತ್ತರಿಸಿಬಿಡ್ಲಾ?”

ಕಂಬಳ, ಗಾಡಿ ಓಟಗಳಿಗೆ ಕರ್ನಾಟಕ 2017ರಲ್ಲಿ ಕಾನೂನು ತಿದ್ದಿ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಎರಡೂ ಎತ್ತಿಗೆ ಹಿಂಸೆ ಆಗಬಾರದು ಎಂಬ ನಂಬಿಕೆಯ ಮೇಲೆ ನಿಂತಿವೆ. ಈ ವಿಡಿಯೊ ಹೋದರೆ ಅವನಿಗೆ ತೊಂದರೆ, ಊರಿನ ಓಟಕ್ಕೂ ಕುತ್ತು. ಕತ್ತರಿಸಿದರೆ ಸುಳ್ಳು. ಲೆಡ್ಜರಿನಲ್ಲಿ ಬರೆದದ್ದು ತಪ್ಪಾದರೆ ಗೆರೆ ಎಳೆದು ಸಹಿ ಹಾಕುತ್ತೇವೆಯೇ ಹೊರತು ಹಾಳೆ ಹರಿಯುವುದಿಲ್ಲ ಎಂದು ಹೇಳಿದೆ. “ಹಾಗಾದ್ರೆ ಅವರಿಗೇ ತೋರಿಸ್ತೀನಿ” ಎಂದು ಮೊಮ್ಮಗ ಎದ್ದು ಹೋದ. ನನಗೆ ಆ ಧೈರ್ಯ ಇರಲಿಲ್ಲ.

ಆತ ಎರಡು ಸಲ ನೋಡಿದನಂತೆ. ಕಣ್ಣು ಕೆಳಗೆ ಹಾಕಿ, “ಅಷ್ಟು ಜೋರಾಗಿ ತಿರುಚಿದ್ನಾ?” ಅಂದನಂತೆ. ಆಮೇಲೆ, “ಕಳಿಸು ಮಗಾ. ನನ್ನ ಹೆಸರು ಮಾತ್ರ ಹಾಕ್ಬೇಡ, ಎತ್ತಿನ ಹೆಸರು ಹಾಕು.”

ಪೂರ್ತಿ ವಿಡಿಯೊ ಹೋಯಿತು, ಬಾಲದ ವಿಷಯ ಚೀಟಿಯಲ್ಲಿ ಬರೆದೇ ಹೋಯಿತು. ಎರಡು ದಿನ ಬಿಟ್ಟು ಸಂಜೆಯ ಸುದ್ದಿಯಲ್ಲಿ ಬಂದದ್ದು ಹನ್ನೆರಡು ಸೆಕೆಂಡು: ಗಾಡಿಗಳು ಹೊರಡುವುದು, ಧೂಳು, ಜನರ ಕೂಗು. ಬಾಲವೂ ಇಲ್ಲ, ಎತ್ತಿನ ಹೆಸರೂ ಇಲ್ಲ. ಕೆಳಗೆ ‘ಮೈಸೂರು ಜಿಲ್ಲೆ’ ಎಂದಿತ್ತು. ಮೊಮ್ಮಗನ ಮುಖ ಸಪ್ಪಗಾಯಿತು, ಅವರಮ್ಮ ಸಂಭ್ರಮದಿಂದ ಎಲ್ಲರಿಗೂ ಫೋನು ಮಾಡಿದಳು. ವಿಡಿಯೊವನ್ನೂ ಆ ಹಾಳೆಯ ಫೋಟೊವನ್ನೂ ಅವನು ಒಂದು ಪೆನ್‌ಡ್ರೈವಿಗೆ ತುಂಬಿ ನನಗೆ ಕೊಟ್ಟಿದ್ದಾನೆ. ಬೀರುವಿನಲ್ಲಿ, ಪಾಸ್‌ಬುಕ್ಕುಗಳ ಡಬ್ಬಿಯಲ್ಲಿ ಇಟ್ಟಿದ್ದೇನೆ.