ಸಾಲವಿಲ್ಲದೆ ಸಣ್ಣ ಕಂಟ್ರಾಕ್ಟು

ಹಲವು ವರ್ಷ ಪರರ ಕೈಕೆಳಗೆ ಗಾರೆಕೆಲಸ ಮಾಡಿದ ಮೇಸ್ತ್ರಿಗೆ, ತಾನೇ ಮನೆ ಕಟ್ಟಿಸುವ ಕಂಟ್ರಾಕ್ಟು ಹಿಡಿಯಬೇಕೆಂಬ ಆಸೆ ಹುಟ್ಟುವುದು ಸಹಜವೇ. ಆ ಆಸೆಯನ್ನು ನಾವು ಹಳಿಯುವುದಿಲ್ಲ. ಆದರೆ ಮೊದಲನೆಯ ಕೆಲಸಕ್ಕೇ ಹೆಂಡತಿಯ ಒಡವೆಯನ್ನು ಗಿರವಿಯಂಗಡಿಗೆ ಕಳುಹಿಸಿದ ಸಂಸಾರಗಳನ್ನು ವಾಚಕರೂ ಕಂಡಿರಬಹುದು. ಸೋಜಿಗವೇನೆಂದರೆ, ಲೆಕ್ಕದಲ್ಲಿ ಲಾಭವೇ ಇರುವ ಕೆಲಸವೂ ಹೀಗೆ ಸಾಲವನ್ನು ತರಬಲ್ಲುದು.

ಆಳುಗಳ ಬಟವಾಡೆ ಶನಿವಾರಕ್ಕೆ ತಪ್ಪದು. ಮನೆಯ ಯಜಮಾನರ ಹಣವಾದರೋ ಕೆಲಸದ ಒಂದು ಹಂತ ಮುಗಿದ ಮೇಲೆ, ಅವರ ಬ್ಯಾಂಕಿನವರು ಬಂದು ನೋಡಿದ ಮೇಲೆ. ವಾರಕ್ಕೆ 30,000 ರೂಪಾಯಿ ಕೂಲಿಯೆಂದು ಮಾತಿಗೆ ಇಟ್ಟುಕೊಳ್ಳೋಣ. ತಳಪಾಯಕ್ಕೆ ಮೂರು ವಾರ ಹಿಡಿದರೆ 90,000 ರೂಪಾಯಿ ಕೈಬಿಟ್ಟಿತು. ಹಣ ಬರುವುದು ಇನ್ನೆರಡು ವಾರ ತಡವಾದರೆ ಆಳುಗಳನ್ನು ಮನೆಗೆ ಕಳುಹಿಸುವಂತಿಲ್ಲ. ಕಳುಹಿಸಿದರೆ ಬೇರೆ ಕೆಲಸ ಹಿಡಿದುಬಿಡುತ್ತಾರೆ. ಅಲ್ಲಿಗೆ 1,50,000 ಆಯಿತು. ಇಷ್ಟನ್ನು ಬಡ್ಡಿಗೆ ತಂದವನ ಲಾಭ ಬಡ್ಡಿಯವನಿಗೇ ಸಲ್ಲತಕ್ಕದ್ದು.

ಆದುದರಿಂದ ಮೊದಲಲ್ಲಿ ಬರಿಯ ಕೂಲಿ ಕಂಟ್ರಾಕ್ಟನ್ನೇ ಒಪ್ಪುವುದು ಲೇಸು. ಸಿಮೆಂಟು, ಕಬ್ಬಿಣ, ಮರಳುಗಳನ್ನು ಯಜಮಾನರೇ ತರಿಸುತ್ತಾರೆ. ಚದರಕ್ಕೆ, ಎಂದರೆ 100 ಚದರಡಿಗೆ, ಇಷ್ಟೆಂದು ಕೂಲಿಯ ದರ ಗೊತ್ತಾಗುತ್ತದೆ. ಸಾಮಾನಿನ ಬೆಲೆ ಏರಿದರೆ ಆ ಭಾರ ಮೇಸ್ತ್ರಿಯ ತಲೆಯ ಮೇಲಿಲ್ಲ. ತಳಪಾಯ, ಗೋಡೆ, ತಾರಸಿ, ಗಿಲಾವು ಎಂದು ಹಂತಗಳನ್ನು ಕಾಗದದಲ್ಲಿ ಬರೆದು, ಪ್ರತಿಯೊಂದು ಹಂತದ ಆರಂಭದಲ್ಲಿಯೇ ಒಂದು ಪಾಲು ಹಣವನ್ನು ಕೇಳಬೇಕು. ಕೇಳಲು ಸಂಕೋಚಪಡುವವರು ಬಹಳ. ಶನಿವಾರದ ಸಂಜೆ ಆಳುಗಳ ಮುಂದೆ ನಿಲ್ಲುವ ಸಂಕೋಚ ಅದಕ್ಕಿಂತ ದೊಡ್ಡದು.

ಇನ್ನು "ಇಲ್ಲೊಂದು ಗೂಡು, ಅಲ್ಲೊಂದು ಜಗಲಿ" ಎಂದು ನಡುವೆ ಬರುವ ಬೇಡಿಕೆಗಳು. ಮನೆ ಕಟ್ಟಿಸುವ ಗೃಹಸ್ಥರಿಗೂ ಈ ಮಾತು ಹೇಳಬೇಕಾಗಿದೆ: ಬಾಯಿಮಾತಿನ ಜಗಲಿಗೂ ಮೂರು ಆಳಿನ ಕೂಲಿ ತಗಲುತ್ತದೆ. ದರವನ್ನು ಬರೆದುಕೊಂಡೇ ಕರಣೆ ಹಿಡಿಯತಕ್ಕದ್ದು.

ಸರ್ಕಾರದ ಕೆಲಸಕ್ಕೆ ಠೇವಣಿ ಕಟ್ಟಬೇಕು, ಬಿಲ್ಲಿಗಾಗಿ ಕಾಯಬೇಕು. ಕೈಯಲ್ಲಿ ಗಂಟಿಲ್ಲದವನು ಸದ್ಯಕ್ಕೆ ಅದರ ಗೋಜಿಗೆ ಹೋಗದಿರಲಿ. 2020ರ ಜುಲೈಯಲ್ಲಿ ಬಂದ ಉದ್ಯಮ್ ನೋಂದಣಿಗೆ ಸರ್ಕಾರ ಶುಲ್ಕವನ್ನೇ ಇಟ್ಟಿಲ್ಲ. ಅದಕ್ಕೆಂದು ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳ ಹಂಗು ಬೇಡ.

ಕಾಂಕ್ರೀಟು ಕಲಸುವ ಯಂತ್ರವೂ ಸೆಂಟ್ರಿಂಗ್ ಹಲಗೆಗಳೂ ದಿನಬಾಡಿಗೆಗೆ ದೊರೆಯುತ್ತವೆ. ಮೇಸ್ತ್ರಿಯು ತನ್ನ ಮನೆಗೆ ತನ್ನ ದಿನಗೂಲಿಯಷ್ಟನ್ನೇ ಒಯ್ದು, ಮಿಕ್ಕುದನ್ನು ಬೇರೆ ಖಾತೆಯಲ್ಲಿಡಲಿ. ಆರು ವಾರದ ಬಟವಾಡೆ ಅಲ್ಲಿ ಕೂಡಿದ ಮೇಲೆ ಸ್ವಂತ ಯಂತ್ರದ ಮಾತನ್ನು ಮನೆಯಾಕೆಯೊಡನೆ ಎತ್ತಬಹುದು.