ಆನೆ ಹೋದ ಮೇಲೆ ಬಸ್ಸು

ಬೆಳಗಿನ ಜಾವದ ಐದು ಗಂಟೆ. ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆ ಸಾನಮಾವು ಕಾಡನ್ನು ಹೊಗುವ ಕಡೆ ಮಂಜು ಇನ್ನೂ ನೆಲ ಬಿಟ್ಟಿಲ್ಲ. ಹೊಲದಂಚಿನ ಅಟ್ಟಣೆಯಿಂದ ಕಂಬಳಿ ಹೊದ್ದ ಮುದುಕನೊಬ್ಬ ಬ್ಯಾಟರಿ ಆರಿಸಿ ಇಳಿಯುತ್ತಾನೆ. ರಾತ್ರಿಯಿಡೀ ಆನೆ ಕಾವಲು. ರಾಗಿ ತೆನೆ ಬಲಿತರೆ ಸಾಕು, ಬನ್ನೇರುಘಟ್ಟದ ಕಡೆಯ ಹಿಂಡುಗಳು ಜವಳಗಿರಿ ಕಾಡು ಹಾದು ಇಲ್ಲಿಗೆ ಬಂದು ಬೀಡುಬಿಡುತ್ತವೆ.

"ತಿಂದಿದ್ದು ಕಮ್ಮಿ ಸಾಮಿ, ತುಳಿದದ್ದೇ ಜಾಸ್ತಿ."

ರಾಗಿಯ ನಡುವಿನ ಅವರೆ ಸಾಲೂ ನೆಲಕ್ಕೆ ಒರಗಿದೆ. ಆನೆಯನ್ನು ತೆಲುಗಿನಲ್ಲಿ ಬಯ್ದು, ಫಾರೆಸ್ಟ್ ಗಾರ್ಡಿಗೆ ತಮಿಳಿನಲ್ಲಿ ದೂರು ಹೇಳಿ, ನನ್ನೊಡನೆ ಕನ್ನಡಕ್ಕೆ ಹೊರಳುತ್ತಾನೆ. ಈ ಗಡಿಯಲ್ಲಿ ಅದು ವಿಶೇಷವೇನಲ್ಲ.

ಅಷ್ಟರಲ್ಲಿ ಕಾಡಿನ ತಿರುವಿನಲ್ಲಿ ದೀಪಗಳು. ಒಂದರ ಹಿಂದೊಂದು ಕಂಪನಿ ಬಸ್ಸು. ಕಿಟಕಿಗೆ ತಲೆಯೊರಗಿಸಿ ನಿದ್ದೆಹೋದ ಹುಡುಗಿಯರು, ಕೊರಳಲ್ಲಿ ಗುರುತಿನ ಚೀಟಿ. ಇದೇ ರಸ್ತೆಯಲ್ಲಿ ಮುಂದೆ ಉದ್ದನಪಲ್ಲಿ. ಅದರ ಹತ್ತಿರದ ನಾಗಮಂಗಲದಲ್ಲಿ ಐಫೋನಿನ ಹೊರಕವಚ ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆ. ರಾಂಚಿ, ಹಜಾರಿಬಾಗ್ ಕಡೆಯ ಆರು ಸಾವಿರ ಆದಿವಾಸಿ ಹೆಣ್ಣುಮಕ್ಕಳಿಗೆ ಇದಕ್ಕಾಗಿ ತರಬೇತಿ ಕೊಡಲಾಗಿದೆ ಎಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ 2022ರಲ್ಲಿ ಹೇಳಿದ್ದರು. ಜಾರ್ಖಂಡಿನ ಕಾಡಂಚಿನಿಂದ ಹೊರಟವರು ಇನ್ನೊಂದು ಕಾಡಂಚಿಗೆ ಬಂದು ತಲುಪಿದ್ದಾರೆ.

ಮುದುಕನ ತಮ್ಮನದು ಹಳೆಯ ಕಾಲದ ಕಂಪನಿ ಕೆಲಸ. ಹೊಸೂರಿಗೆ ತಮಿಳುನಾಡು ಸರ್ಕಾರದ ಕೈಗಾರಿಕಾ ವಸಾಹತು ಸಿಪ್‌ಕಾಟ್ ಬಂದದ್ದು ಎಪ್ಪತ್ತರ ದಶಕದಲ್ಲಿ. 1980ರಲ್ಲಿ ಟಿವಿಎಸ್ ಮೊಪೆಡ್ಡು, ಅದೇ ಹೊತ್ತಿಗೆ ಅಶೋಕ್ ಲೇಲ್ಯಾಂಡ್ ಲಾರಿ, ದಶಕದ ನಡುವಿನಲ್ಲಿ ಟೈಟಾನ್ ಗಡಿಯಾರ. ಗಡಿಯಾರದವರು ಸುತ್ತಲ ಹಳ್ಳಿಗಳಲ್ಲಿ ಆಗಷ್ಟೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ, ಕೂದಲಿಗಿಂತ ಸಣ್ಣ ಭಾಗಗಳನ್ನು ಜೋಡಿಸಲು ಕಲಿಸಿದರು. ರಾಗಿ ಕೊಯ್ದ ಬೆರಳಿಗೆ ಆ ನಾಜೂಕು ಒಗ್ಗಿತು. ಮುದುಕನ ತಮ್ಮ ಇನ್ನೊಂದು ಕಂಪನಿಗೆ ಸೇರಿ 'ಪರ್ಮನೆಂಟ್' ಆದ, ತಾರಸಿ ಮನೆ ಕಟ್ಟಿಸಿದ, ಮಗಳನ್ನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿಸಿದ. ಜಪಾನು, ಕೊರಿಯಾ, ಚೀನಾ ಹತ್ತಿದ ಏಣಿ ಇದೇ ತಾನೆ: ಹೆಚ್ಚು ಓದದವನನ್ನೂ ಹೊಲದಿಂದ ಎತ್ತಿ ಯಂತ್ರದ ಮುಂದೆ ನಿಲ್ಲಿಸಿ, ಅವನ ದುಡಿಮೆಯ ಬೆಲೆ ಏರಿಸುವುದು.

ಆ ಏಣಿ ಈಗ ಬಡದೇಶಗಳಿಗೆ ಮೊದಲಿನಂತೆ ಸಿಕ್ಕುತ್ತಿಲ್ಲ ಎನ್ನುತ್ತಾರೆ ಹಾರ್ವರ್ಡಿನ ಡ್ಯಾನಿ ರಾಡ್ರಿಕ್. ಸಿರಿವಂತರಾಗುವ ಮೊದಲೇ ಅಲ್ಲಿನ ಆರ್ಥಿಕತೆಯಲ್ಲಿ ಕಾರ್ಖಾನೆಯ ಪಾಲು ಇಳಿಯತೊಡಗುತ್ತದೆ. ಹೊಸ ಯಂತ್ರಗಳಿಗೆ ಬೇಕಾದ ಕೈಗಳೇ ಕಡಿಮೆ. 2022ರೊಳಗೆ ಜಿಡಿಪಿಯಲ್ಲಿ ಕಾರ್ಖಾನೆ ಉತ್ಪಾದನೆಯ ಪಾಲನ್ನು ಶೇ 25ಕ್ಕೆ ಏರಿಸುತ್ತೇವೆಂದು ನಮ್ಮ ಸರ್ಕಾರ 2011ರಲ್ಲಿ ಬರೆದಿಟ್ಟಿತ್ತು. ಆ ವರ್ಷ ಬಂದು ಹೋಯಿತು, ಪಾಲು ಆರರಲ್ಲೊಂದರ ಆಸುಪಾಸಿನಲ್ಲೇ ಇದೆ. ಆದರೆ ಈ ರಸ್ತೆಯಲ್ಲಿ ನಿಂತು ಬಸ್ಸು ಎಣಿಸಿದವನಿಗೆ ಕೈಗಳು ಬೇಡವಾಗಿವೆ ಎಂದು ಹೇಳಲು ಬಾಯಿ ಬಾರದು. ನನಗೆ ಕಂಡ ವ್ಯತ್ಯಾಸ ಬೇರೆ, ಅದು ಗೊತ್ತಾದದ್ದು ಮುದುಕನ ಮೊಮ್ಮಗಳಿಂದ.

ಅವಳೂ ಬಸ್ಸಿಗೆ ಕಾಯುತ್ತಿದ್ದಳು. ಎಣ್ಣೆ ಹಚ್ಚಿ ಬಿಗಿದ ಜಡೆ, ಕೈಯಲ್ಲಿ ಡಬ್ಬಿ. ಪರ್ಮನೆಂಟಾ ಎಂದು ಕೇಳಿದೆ. ನಕ್ಕುಬಿಟ್ಟಳು.

"ಕಾಂಟ್ರಾಕ್ಟು ಅಂಕಲ್. ಮದುವೆವರೆಗೂ ಹೋಗ್ತೀನಿ."

ಚಿಕ್ಕಜ್ಜನಿಗೆ ಒಂದು ಆಯಸ್ಸಿನ ಕೆಲಸ, ಇವಳಿಗೆ ಪಿಯುಸಿ ಮತ್ತು ಹಸೆಮಣೆಯ ನಡುವಿನ ಬಿಡುವು. ಆದರೂ ಚೀಟಿ ಕಟ್ಟುತ್ತಿದ್ದಾಳಂತೆ; ಕಿವಿಯ ಓಲೆ ಸ್ವಂತ ದುಡ್ಡಿನದು, ಅದನ್ನು ಎರಡು ಸಲ ಹೇಳಿದಳು. ಮುದುಕನಿಗೆ ಚಿಂತೆ ಜಮೀನಿನದು. ಸಿಪ್‌ಕಾಟ್ ವಿಸ್ತರಣೆಗೆ ಭೂಮಿ ಕೊಡೆವೆಂದು ಉದ್ದನಪಲ್ಲಿ ಸುತ್ತಿನ ರೈತರು 2023ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. "ಆನೆ ತಿಂದ್ರೆ ಮುಂದಿನ ವರ್ಷ ಬೆಳೀಬಹುದು" ಎಂದವನು ಮಾತು ಮುಂದುವರಿಸಲಿಲ್ಲ.

ಅವಳ ಬಸ್ಸು ಬಂತು. ಡ್ರೈವರ್ ಬಾಗಿಲು ತೆರೆದದ್ದೇ, "ಎಷ್ಟಿದ್ವು ತಾತಾ?" ಎಂದು ಕೂಗಿದ. ಮುದುಕ ಏಳು ಬೆರಳು ತೋರಿಸಿದ. ಆಮೇಲೆ ಪುದೀನ ಕಟ್ಟುಗಳನ್ನು ಹಳೆಯ ಟಿವಿಎಸ್ ಮೊಪೆಡ್ಡಿನ ಮೇಲೆ ಹೇರಿ, ಒದ್ದು ಸ್ಟಾರ್ಟ್ ಮಾಡಿ, ಹೊಸೂರು ಮಾರ್ಕೆಟ್ಟಿನ ಕಡೆ ತಿರುಗಿಸಿದ. ರಸ್ತೆ ಮಧ್ಯೆ ಇನ್ನೂ ಹಬೆಯಾಡುತ್ತಿದ್ದ ಆನೆ ಲದ್ದಿಯನ್ನು ಬಸ್ಸು ಎಡಕ್ಕೆ ತಪ್ಪಿಸಿತು, ಮೊಪೆಡ್ಡು ಬಲಕ್ಕೆ.