ಒಂದು ಎಂಜಿನ್ನೋ, ಎರಡೋ?

ಮಕ್ಕಳೇ, ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ ಬಳಸಿದ ವೇಗದ ದೋಣಿ ಕೊಳ್ಳುವವರ ಪ್ರಶ್ನೆ ಇದು: 600 ಅಶ್ವಶಕ್ತಿಯ ಒಂದು ಎಂಜಿನ್ನೋ, 300ರ ಎರಡೋ? ಲೆಕ್ಕದಲ್ಲಿ ಎರಡೂ ಒಂದೇ ಅಲ್ವಾ? ನೀರಿನಲ್ಲಿ ಹಾಗಲ್ಲ.

ಎರಡಿದ್ದರೆ ತೂಕ ಹೆಚ್ಚು. ನೀರಿನೊಳಗೆ ಇಳಿಯುವ ಭಾಗಗಳೂ ಎರಡು, ಹಾಗಾಗಿ ತಡೆಯೂ ಹೆಚ್ಚು. ಆದರೆ ಒಂಟಿ ಪ್ರೊಪೆಲ್ಲರ್ ತಿರುಗುವಾಗ ದೋಣಿಯನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ. ಎರಡನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಆ ಬಲಗಳು ಪರಸ್ಪರ ರದ್ದಾಗುತ್ತವೆ. ನಡುಗಡಲಲ್ಲಿ ಒಂದು ಕೆಟ್ಟರೆ ಇನ್ನೊಂದು ದಡ ಸೇರಿಸೀತು.

ಬಣ್ಣದ ಹೊಳಪಿಗೆ ಮರುಳಾಗದೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯಬೇಕು. ಒಂದರಲ್ಲಿ ಮಾತ್ರ ಬಹಳ ಕಡಿಮೆಯಿದ್ದರೆ ಒಳಗೆಲ್ಲೋ ಸೋರುತ್ತಿದೆ ಎಂದರ್ಥ. ಉಪ್ಪುನೀರಿನಿಂದಲೇ ತಣಿಯುವ ಎಂಜಿನ್ನಿಗೆ ತುಕ್ಕು ಬೇಗ.

ಕಾಸರಗೋಡಿನ ಗೆಳೆಯರೇ, ನಿಮ್ಮೂರ ಮೀನುದೋಣಿಯ ಹಿಂದೆ ಎಷ್ಟು ಎಂಜಿನ್ ಇವೆ? ನೋಡಿ, ಕಾರಣ ಕೇಳಿ ಬನ್ನಿ.